ಮಾಗಿಯ ಚಳಿ, ಗಾಡಿಯ ಮನೆ

ದೀಪಾವಳಿಯ ಹಣತೆಗಳು ಆರುತ್ತಿದ್ದಂತೆ ಸಾಂಗಲಿ–ಮಿರಜ ಸೀಮೆಯ ರಸ್ತೆಗಳ ಮೇಲೆ ಮನೆಗಳು ಸಾಗಿ ಬರತೊಡಗುತ್ತವೆ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಬಿದಿರಿನ ಗಳಗಳು, ಮಡಿಚಿದ ತಾಡಪತ್ರಿ, ಜೋಳದ ಚೀಲ, ರೊಟ್ಟಿ ಬೇಯಿಸುವ ಹಂಚು, ನೀರಿನ ಕೊಡ, ಕೌದಿಯ ಗಂಟು, ಬುಟ್ಟಿಯೊಳಗೆ ಕೋಳಿ. ಇವೆಲ್ಲದರ ನೆತ್ತಿಯ ಮೇಲೆ ಮುದುಡಿ ಕುಳಿತ ಮಕ್ಕಳು. ಕೆಲವರು ಎತ್ತುಗಳನ್ನೂ ಟೈರ್ ಗಾಡಿಯನ್ನೂ ಕೂಡಿಸಿಕೊಂಡೇ ಬರುತ್ತಾರೆ. ಬೀಡ ಸೀಮೆಯವರಿದ್ದಾರೆ, ಜತ್ತ ತಾಲೂಕಿನ ಒಣನೆಲದವರಿದ್ದಾರೆ, ವಿಜಯಪುರ ಜಿಲ್ಲೆಯವರಿದ್ದಾರೆ. ಕೃಷ್ಣೆ ಮತ್ತು ವಾರಣೆಯರ ನೀರುಂಡು ಎತ್ತರ ಬೆಳೆದ ಕಬ್ಬನ್ನು ಕಡಿಯಲು ಬಂದವರು ಇವರೆಲ್ಲ. ಊರಿಗೆ ಮರಳುವುದು ಬೇಸಿಗೆಯ ಬಾಗಿಲಿನಲ್ಲಿ. ನಡುವಿನ ನಾಲ್ಕೈದು ತಿಂಗಳು, ಅಂದರೆ ವರ್ಷದ ಚಳಿಗಾಲವೆಲ್ಲ, ಅವರ ಸಂಸಾರ ನಡೆಯುವುದು ಹೊತ್ತು ತಂದ ಮನೆಯಲ್ಲಿ.

ಕಾರವಾನ ಎಂಬ ಪಾರಸಿ ಶಬ್ದಕ್ಕೆ ಮೂಲದಲ್ಲಿ ಒಟ್ಟಾಗಿ ದಾರಿ ಸವೆಸುವ ಪಯಣಿಗರ ತಂಡವೆಂಬ ಅರ್ಥವಿತ್ತು. ಇಂಗ್ಲೆಂಡಿಗೆ ಹೋಗಿ ಸೇರಿದ ಮೇಲೆ ಅದು ಗಾಲಿಯ ಮೇಲಿನ ಮನೆಗೆ ಹೆಸರಾಯಿತು. ಇಂದು ಯುರೋಪಿನಲ್ಲಿ ಇಂಥ ಮನೆಯನ್ನು ಮೋಟಾರಿಗೆ ಕಟ್ಟಿಕೊಂಡು ವಿಹಾರಕ್ಕೆ ಹೊರಡುವವರು ಚಳಿಗಾಲ ಬಂತೆಂದರೆ ಒಂದೇ ಚಿಂತೆಯಲ್ಲಿ ಮುಳುಗುತ್ತಾರೆ: ತೆಳುಗೋಡೆಯ ಈ ಗೂಡನ್ನು ಬೆಚ್ಚಗೆ ಇಟ್ಟುಕೊಳ್ಳುವುದು ಹೇಗೆ? ನೆಲಕ್ಕೆ ಏನು ಹಾಸಬೇಕು, ಕಿಟಕಿಗೆ ಎಷ್ಟು ಪದರ ಗಾಜು ಬೇಕು, ಒಲೆಯ ಹೊಗೆ ಎತ್ತ ಹೋಗಬೇಕು, ಗೋಡೆಯ ಮೇಲಿನ ಇಬ್ಬನಿಯನ್ನು ತಡೆಯುವುದು ಹೇಗೆ ಎಂಬ ವಿಚಾರಗಳಿಗೆ ಅಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಕಾರವಾನದ ಹಳೆಯ ಅರ್ಥವೂ ಹೊಸ ಅರ್ಥವೂ ಒಂದೆಡೆ ಕೂಡಿರುವುದನ್ನು ಕಾಣಬೇಕಾದರೆ ಮಾತ್ರ ಸಕ್ಕರೆ ಕಾರ್ಖಾನೆಯ ಬಳಿಯ ಬಯಲಿಗೇ ಬರಬೇಕು. ಅಲ್ಲಿಯೂ ಅವೇ ಪ್ರಶ್ನೆಗಳಿವೆ. ಉತ್ತರಗಳಿಗೆ ಹಣವಿಲ್ಲ, ಅಷ್ಟೆ.

ಕಬ್ಬು ಕಡಿಯುವವರ ಲೋಕಕ್ಕೆ ತನ್ನದೇ ನಿಘಂಟಿದೆ. ಗಂಡ–ಹೆಂಡತಿ ಸೇರಿದರೆ ಒಂದು ‘ಕೊಯ್ತಾ’. ಕೈಯ ಕತ್ತಿಯ ಹೆಸರೇ ದಂಪತಿಗಳಿಗೂ ಅಂಟಿಕೊಂಡಿದೆ. ಹಂಗಾಮಿಗೆ ಮುಂಚೆ ಪಡೆಯುವ ಮುಂಗಡವೇ ‘ಉಚಲ’. ಅದನ್ನು ಕೊಟ್ಟು ಕರೆತರುವವನು ಮುಕಾದಮ. ಅವರು ಎಬ್ಬಿಸುವ ಗುಡಿಸಲಿಗೆ ‘ಕೋಪಿ’ ಎಂದು ಹೆಸರು. ಬಿದಿರಿನ ಗಳಗಳನ್ನು ಬಗ್ಗಿಸಿ ಅಥವಾ ತುದಿ ಕೂಡಿಸಿ ಕಟ್ಟಿ, ಮೇಲೆ ಚಾಪೆಯನ್ನೋ ಕಬ್ಬಿನ ಒಣಗಿದ ಎಲೆಯಾದ ರವದಿಯನ್ನೋ ಹೊದಿಸಿದರೆ ಅರ್ಧ ದಿನದಲ್ಲಿ ಮನೆ ಸಿದ್ಧ. ಈಚೆಗೆ ರವದಿಯ ಜಾಗವನ್ನು ತಾಡಪತ್ರಿ ಹಿಡಿದಿದೆ. ಬಾಗಿಲೆಂದರೆ ಒಂದು ಹಳೆಯ ಸೀರೆ ಅಥವಾ ಗೋಣಿ. ಬಗ್ಗಿ ಒಳಹೊಕ್ಕವನು ಒಳಗೆ ನೆಟ್ಟಗೆ ನಿಲ್ಲಬಲ್ಲ ಜಾಗ ನಡುವೆ ಒಂದಿಷ್ಟೇ.

ದಖನಿನ ಚಳಿಯನ್ನು ಹಿಮದ ನಾಡಿನವರು ಚಳಿಯೆಂದು ಒಪ್ಪಲಿಕ್ಕಿಲ್ಲ. ಸಾಂಗಲಿಯಲ್ಲಿ ಡಿಸೆಂಬರ್–ಜನವರಿಯ ಮಧ್ಯಾಹ್ನ 30 ಡಿಗ್ರಿಯ ಹತ್ತಿರ ಇರುವುದುಂಟು. ಆದರೆ ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಬಿಸಿಯನ್ನೆಲ್ಲ ರಾತ್ರಿ ಒಪ್ಪಿಸಿಬಿಡುತ್ತದೆ. ಬೆಳಗಿನ ಜಾವಕ್ಕೆ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಸುತ್ತಲಿನ ನೀರುಂಡ ಹೊಲಗಳ ತೇವ ಅದಕ್ಕೆ ಕೂಡಿಕೊಳ್ಳುತ್ತದೆ. ಸುಣ್ಣದ ಗೋಡೆಯ ಮನೆಯೊಳಗೆ ರಗ್ಗು ಹೊದ್ದವನಿಗೆ ಇದು ಹಿತವಾದ ಮಾಗಿ. ಹಗಲೆಲ್ಲ ಬಿಸಿಲಲ್ಲಿ ಬೆವರಿ, ಆ ಬೆವರಿನ ಬಟ್ಟೆಯಲ್ಲೇ ಮಣ್ಣಿನ ಮೇಲೆ ಮಲಗಿ, ಕೋಳಿ ಕೂಗುವ ಮುನ್ನ ಎದ್ದು ಇಬ್ಬನಿಯಲ್ಲಿ ತೊಯ್ದ ಕಬ್ಬಿಗೆ ಕೈ ಹಾಕುವವಳಿಗೆ ಇದರ ಹೆಸರೇ ಬೇರೆ. ತೋರುಮಾಪಕದ ಅಂಕಿ ಇಬ್ಬರಿಗೂ ಒಂದೇ.

ಮಲಗಿದ ಒಬ್ಬ ವಯಸ್ಕನ ದೇಹ ಹೊರಬಿಡುವ ಶಾಖ ಸುಮಾರು 70ರಿಂದ 80 ವ್ಯಾಟ್; ಹಳೆಯ ಗುಂಡುದೀಪವೊಂದರಷ್ಟು. ನಾಲ್ವರ ಸಂಸಾರವೆಂದರೆ ಆ ಗೂಡಿನಲ್ಲಿ ಮೂರು–ನಾಲ್ಕು ದೀಪಗಳು ರಾತ್ರಿಯಿಡೀ ಉರಿಯುತ್ತಿವೆ ಎಂದಾಯಿತು. ಸಣ್ಣ ಕೋಪಿಯನ್ನು ಬೆಚ್ಚಗಿಡಲು ಇದು ಕಡಿಮೆಯ ಬಂಡವಾಳವಲ್ಲ. ಆದ್ದರಿಂದ ಸಂಚಾರಿ ಮನೆಯ ಮೊದಲ ಪಾಠ ಬೆಂಕಿ ಹೊತ್ತಿಸುವುದರದ್ದಾಗಿರದೆ, ಇರುವ ಬಿಸಿ ಸೋರದಂತೆ ನೋಡಿಕೊಳ್ಳುವುದರದ್ದಾಗಿರುತ್ತದೆ. ಸೋರುವ ದಾರಿಗಳಲ್ಲಿ ದೊಡ್ಡದು ನೆಲ. ಮೈಯ ಭಾರಕ್ಕೆ ಅಡಿಯ ಹಾಸು ಒತ್ತಿಹೋಗಿ ಅದರೊಳಗಿನ ಗಾಳಿ ಹೊರಬೀಳುತ್ತದೆ. ಗಾಳಿ ಹೋದ ಬಟ್ಟೆ ತಣ್ಣನೆಯ ಮಣ್ಣಿಗೂ ಬೆನ್ನಿಗೂ ನಡುವೆ ತಡೆಯಾಗಲಾರದು. ಮೇಲೆ ಎರಡು ಹೊದಿಕೆ ಹೊದ್ದೂ ನಡುಗುವವನ ಕಷ್ಟಕ್ಕೆ ಕಾರಣ ಬಹುಮಟ್ಟಿಗೆ ಅವನ ಕೆಳಗಿರುತ್ತದೆ.

ಈ ಮಾತನ್ನು ಯಾರೂ ಕಲಿಸದೆ ಬಲ್ಲವರು ಗ್ಯಾಂಗಿನ ಹಿರಿಯ ಹೆಂಗಸರು. ಗುಡಿಸಲಿನ ನೆಲವನ್ನು ಸುತ್ತಲಿಗಿಂತ ನಾಲ್ಕು ಬೆರಳು ಎತ್ತರಿಸಿ, ಹೊರಗೆ ಸಣ್ಣ ಕಾಲುವೆ ತೆಗೆದು, ಗೇಣುದ್ದ ದಪ್ಪಕ್ಕೆ ಒಣ ರವದಿ ಹರಡುತ್ತಾರೆ. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕೌದಿ. ರವದಿ ಮುಗ್ಗಿದರೆ ತೆಗೆದು ಹೊಸದು ಹಾಸುತ್ತಾರೆ. ಕಬ್ಬಿನ ಹೊಲದಲ್ಲಿ ಅದಕ್ಕೇನೂ ಬರವಿಲ್ಲ. ವಿಲಾಯತಿಯ ಗಾಡಿಮನೆಯವರು ನೆಲದ ಹಲಗೆಯ ನಡುವೆ ನೊರೆಯಂಥ ವಸ್ತು ತುಂಬಿ ಸಾಧಿಸುವುದನ್ನು ಇವರು ಕಾಸಿಲ್ಲದೆ ಸಾಧಿಸುತ್ತಾರೆ. ಎರಡರಲ್ಲಿಯೂ ಕೆಲಸ ಮಾಡುವುದು ಸಿಕ್ಕಿಬಿದ್ದ ಗಾಳಿ.

ಕೌದಿಯ ಗುಣವೂ ಅದೇ. ಅಜ್ಜಿಯ ಸೀರೆ, ಅಪ್ಪನ ಧೋತರ, ಹರಿದ ಅಂಗಿ ಎಲ್ಲವೂ ಪದರ ಪದರವಾಗಿ ಸೇರಿ ಸಾವಿರ ಹೊಲಿಗೆಯಲ್ಲಿ ಒಂದಾದ ಈ ಹೊದಿಕೆಯ ಬಲ ಪದರಗಳ ನಡುವಿನ ಗಾಳಿಯಲ್ಲಿದೆ. ಹತ್ತಿಯ ದೌರ್ಬಲ್ಯ ಒಂದೇ: ತೊಯ್ದರೆ ಅದು ಚಳಿಯ ಕಡೆ ಸೇರಿಬಿಡುತ್ತದೆ. ಅಲ್ಲಿ ಕೈ ಹಿಡಿಯುವುದು ಕಂಬಳಿ. ಜತ್ತ, ಆಟಪಾಡಿ, ಸಾಂಗೋಲೆಗಳ ಕಡೆಯ ಕುರುಬರ ದಖನಿ ಕುರಿಗಳ ಒರಟು ಉಣ್ಣೆಯನ್ನು ನೂತು, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ನೆಲಕ್ಕೆ ಅಂಟಿದ ಮಗ್ಗದಲ್ಲಿ ನೇಯ್ದ ಕರಿಕಂಬಳಿ ಮೈಗೆ ಚುಚ್ಚುತ್ತದೆ, ತೂಕವೂ ಹೆಚ್ಚು. ಆದರೆ ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಕೈಗೆ ಒದ್ದೆ ಎನ್ನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಕುರಿಯ ಹಿಂಡಿನ ಜೊತೆ ಬಯಲಲ್ಲೇ ವರ್ಷ ಕಳೆಯುವ ಕುರುಬ, ಕಂಬಳಿಯ ಒಂದು ತುದಿಯನ್ನು ಮಡಿಸಿ ಕೊಪ್ಪೆ ಮಾಡಿ ತಲೆಗೆ ಏರಿಸಿಕೊಂಡನೆಂದರೆ ಅವನ ಮನೆ ಅವನ ಮೈಮೇಲೆಯೇ ಇದೆ ಎಂದರ್ಥ. ಮಂಗೋಲಿಯದ ಅಲೆಮಾರಿಗಳ ದುಂಡು ಗುಡಾರವೂ ಕುರಿಯ ಉಣ್ಣೆಯನ್ನು ತಟ್ಟಿ ಮಾಡಿದ ದಪ್ಪ ಹೊದಿಕೆಯಿಂದಲೇ ಆದದ್ದು. ಉಣ್ಣೆಯ ಗುಣವನ್ನು ಅವರೂ ಕುರುಬರೂ ತಮ್ಮ ತಮ್ಮ ಬಯಲಿನಲ್ಲಿ ಕಂಡುಕೊಂಡರು. ಈಗ ಕೋಪಿಗಳಲ್ಲಿ ಕಂಬಳಿ ಅಪರೂಪವಾಗುತ್ತಿದೆ. ಸಂತೆಯ ಅಗ್ಗದ ಪಾಲಿಯೆಸ್ಟರ್ ಚಾದರ ನೋಡಲು ಚೆಂದ, ಹೊರಲು ಹಗುರ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಅಷ್ಟು ಬೇಗ ಹತ್ತುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಚಾವಣಿಯ ಕಥೆ ಇನ್ನೂ ಸೂಕ್ಷ್ಮವಾದುದು. ಉಸಿರಿನಿಂದಲೂ ಚರ್ಮದಿಂದಲೂ ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತಾನೆ. ರವದಿಯ ಹೊದಿಕೆ ಆ ತೇವವನ್ನು ಮೆಲ್ಲನೆ ಹೊರಗೆ ಬಿಡುತ್ತಿತ್ತು. ತಾಡಪತ್ರಿ ಮಳೆಯನ್ನು ತಡೆಯುವಷ್ಟೇ ನಿಷ್ಠೆಯಿಂದ ಉಸಿರನ್ನೂ ತಡೆಯುತ್ತದೆ. ಹೊರಗಿನ ಚಳಿಗೆ ತಣ್ಣಗಾದ ಅದರ ಒಳಮೈಗೆ ತಾಕಿದ ಹಬೆ ಹನಿಯಾಗಿ, ಬೆಳಗಿನ ನಾಲ್ಕು ಗಂಟೆಗೆ ಮಲಗಿದವರ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಆಕಾಶ ಶುಭ್ರವಾಗಿದ್ದರೂ ಹಾಸಿಗೆ ಒದ್ದೆ. ಗಾಡಿಮನೆಯ ಶಾಸ್ತ್ರಜ್ಞರು ಇದಕ್ಕೆ ಹೇಳುವ ಮದ್ದು ಎರಡು: ಎರಡು ಪದರದ ಗೋಡೆ, ನಡುವೆ ಗಾಳಿ, ಮತ್ತು ಎಂಥ ಚಳಿಯಿದ್ದರೂ ಮುಚ್ಚದ ಒಂದು ಕಿಂಡಿ. ಕೋಪಿಯಲ್ಲಿ ಇವೆರಡೂ ಸಾಧ್ಯ. ತಾಡಪತ್ರಿಯ ಅಡಿಯಲ್ಲಿ ಒಂದು ಗೇಣು ಬಿಟ್ಟು ಹಳೆಯ ಸೀರೆಗಳನ್ನು ಎಳೆದು ಕಟ್ಟಿದರೆ ಹನಿ ಸೀರೆಗೆ ಇಳಿದು ಅಂಚಿನ ಕಡೆ ಹೋಗುತ್ತದೆ. ನೆತ್ತಿಯಲ್ಲಿ ಅಂಗೈಯಗಲದ ಕಿಂಡಿ ಬಿಟ್ಟರೆ ಹಬೆಗೆ ದಾರಿಯಾಗುತ್ತದೆ. ತಾಡಪತ್ರಿಯ ಮೇಲೆಯೇ ರವದಿಯ ಒಂದು ಪದರ ಹೊದಿಸಿ ಹಗ್ಗ ಬಿಗಿಯುವವರೂ ಇದ್ದಾರೆ. ಹಳೆಯ ಮನೆ ಹೊಸ ಮನೆಯನ್ನು ಹೊದ್ದಂತೆ.

ಕಿಂಡಿಯ ಮಾತು ಬೆಂಕಿಯ ಬಳಿಗೆ ಕರೆದೊಯ್ಯುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡವಿರುವ ಬುಟ್ಟಿಯನ್ನು ಒಳಗೆಳೆದುಕೊಂಡು ಬಾಗಿಲಿನ ಗೋಣಿಯನ್ನು ಬಿಗಿಯಾಗಿ ಮುಚ್ಚುವ ಆಸೆ ಸಹಜವಾದುದು. ಹೊಗೆಯಿಲ್ಲದ ಕೆಂಡವನ್ನು ಯಾರೂ ಶಂಕಿಸುವುದಿಲ್ಲ. ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಅದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ತಲೆನೋವು, ಮಂಕು, ನಿದ್ದೆ. ಆ ನಿದ್ದೆಯಿಂದ ಏಳದಿರುವುದೂ ಉಂಟು. ಯುರೋಪಿನ ಗಾಡಿಮನೆಗಳಲ್ಲಿ ಈ ಅನಿಲವನ್ನು ಪತ್ತೆ ಮಾಡಿ ಕೂಗುವ ಯಂತ್ರವನ್ನು ಗೋಡೆಗೆ ಸಿಕ್ಕಿಸುವುದು ವಾಡಿಕೆ. ಮಂಗೋಲಿಯದ ಗುಡಾರದ ನೆತ್ತಿಯಲ್ಲಿ ಒಲೆಯ ಕೊಳವೆ ಹಾಯುವ ಕಿಂಡಿ ಇದ್ದೇ ಇರುತ್ತದೆ. ಕೋಪಿಯಲ್ಲಿ ಇದರ ಮೇಲೆ ಇನ್ನೊಂದು ಅಪಾಯವಿದೆ: ಹಾಸು ರವದಿಯದು, ಗೋಡೆ ರವದಿಯದು, ನೆರೆಯ ಗುಡಿಸಲು ಹತ್ತು ಹೆಜ್ಜೆಯಾಚೆ. ಒಂದು ಕಿಡಿಗೆ ಇಡೀ ಸಾಲು ಸಾಕಾಗುವುದಿಲ್ಲ.

ಹಾಗಾಗಿ ಬಲ್ಲವರು ಒಲೆಯನ್ನು ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾದ ಬದಿಯಲ್ಲಿ, ಹೊರಗೆ ಹೂಡುತ್ತಾರೆ. ಮಲಗುವ ಮುನ್ನ ಕೆಂಡಕ್ಕೆ ನೀರು ಚಿಮುಕಿಸುತ್ತಾರೆ. ಬೆಂಕಿಯ ಬದಲಿಗೆ ಬೆಂಕಿಯ ಬಿಸಿಯನ್ನು ಮಾತ್ರ ಒಳಗೆ ತರುವ ಉಪಾಯವೊಂದಿದೆ. ಒಲೆಯ ಬದಿಗೆ ಇಟ್ಟ ಇಟ್ಟಿಗೆ ಊಟದ ಹೊತ್ತಿಗೆ ಚೆನ್ನಾಗಿ ಕಾದಿರುತ್ತದೆ. ಮೇಲಿನ ಬಿಸಿ ಕೈಗೆ ತಾಳುವಷ್ಟು ಇಳಿದ ಮೇಲೆ ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೌದಿಯ ಕಾಲ್ದೆಸೆಗೆ ಇಟ್ಟರೆ ಅರ್ಧರಾತ್ರಿಯವರೆಗೆ ಪಾದ ಬೆಚ್ಚಗಿರುತ್ತದೆ. ಎಳೆಗೂಸಿಗೆ ಮಾತ್ರ ಇಟ್ಟಿಗೆಯೂ ಬೇಡ. ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹರಹು ದೊಡ್ಡದು, ತಲೆ ಇನ್ನೂ ದೊಡ್ಡದು; ಅದರ ಬಿಸಿ ಬೇಗ ಸೋರುತ್ತದೆ. ಕುಂಚಿಗೆ ಅಥವಾ ಕುಲಾವಿಯಿಂದ ತಲೆ ಮುಚ್ಚಿ ತಾಯಿಯ ಎದೆಯ ಚರ್ಮಕ್ಕೆ ತಾಗಿಸಿ ಹೊದ್ದುಕೊಳ್ಳುವುದಕ್ಕಿಂತ ಮಿಗಿಲಾದ ಉಪಾಯವನ್ನು ದೊಡ್ಡ ಆಸ್ಪತ್ರೆಗಳೂ ಹೇಳುವುದಿಲ್ಲ. ಮಿರಜ ಆಸ್ಪತ್ರೆಗಳ ಊರು. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ದೂರದೂರದ ರೋಗಿಗಳು ಅತ್ತ ಬರುತ್ತಾರೆ. ಆದರೆ ಹೊತ್ತು ಮೂಡುವ ಮೊದಲೇ ಹೊಲ ಸೇರಬೇಕಾದ ತಾಯಿಗೆ ಮಗುವಿನ ಕೆಮ್ಮಿಗಾಗಿ ಕೆಲವು ಹರದಾರಿ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಖೋತಾ. ಬೆಚ್ಚಗಿಡುವ ವಿದ್ಯೆ ಅವಳಿಗೆ ಔಷಧಕ್ಕಿಂತ ಹತ್ತಿರದ್ದು.

ಎತ್ತಿನ ಗಾಡಿಯವರಿಗೆ ಇನ್ನೊಂದು ಚಳಿ ಕಾದಿರುತ್ತದೆ, ಕಾರ್ಖಾನೆಯ ಅಂಗಳದ ಚಳಿ. ಕಬ್ಬು ತುಂಬಿದ ಗಾಡಿಗಳ ಸಾಲು ತೂಕದ ಕಾಟೆಯ ಮುಂದೆ ನಿಂತಾಗ ಸರದಿ ಬರುವುದು ನಡುರಾತ್ರಿಯೋ ಬೆಳಗೋ ಹೇಳಲಾಗದು. ಎತ್ತುಗಳ ಕೊರಳು ಬಿಚ್ಚಿ, ಅವುಗಳ ಬೆನ್ನಿಗೆ ಗೋಣಿ ಹೊದಿಸಿ, ಗಾಡಿಯವನು ಗಾಡಿಯ ಅಡಿಯಲ್ಲೇ ಮುರುಟಿಕೊಳ್ಳುತ್ತಾನೆ. ಅಲ್ಲಿಂದ ಒಂದು ಕೂಗಳತೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸುವ ಬಾಯ್ಲರುಗಳು ಹಗಲಿರುಳು ಮೊರೆಯುತ್ತಿರುತ್ತವೆ. ಆ ಹಬೆಯಿಂದ ಗಾಣ ತಿರುಗುತ್ತದೆ, ರಸ ಕುದಿಯುತ್ತದೆ, ಹಲವೆಡೆ ವಿದ್ಯುತ್ತೂ ಹುಟ್ಟುತ್ತದೆ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ರಸವನ್ನು ಬತ್ತಿಸಿದಾಗ ಆ ನೀರು ಹಬೆಯಾಗಿ ಎದ್ದು, ಮತ್ತೆ ಬಿಸಿನೀರಾಗಿ ಇಳಿದು ಕಾರ್ಖಾನೆಯ ಬಳಕೆಗೂ ಮಿಕ್ಕುತ್ತದೆ. ಮಿಕ್ಕುವ ಈ ನೀರನ್ನು ಪರೀಕ್ಷಿಸಿ, ತಕ್ಕಷ್ಟು ಶುದ್ಧಗೊಳಿಸಿ, ಒಂದು ಕೊಳವೆಯಲ್ಲಿ ಗುಡಿಸಲುಗಳ ಬಯಲಿಗೆ ಹರಿಸಿದರೆ ಸಂಜೆ ಬೆವರು ತೊಳೆಯಲು ನೂರಾರು ಜನರಿಗೆ ಬಿಸಿನೀರು ಸಿಗುತ್ತದೆ. ಬೆವರು ತೊಳೆದು ಒಣಬಟ್ಟೆ ಉಟ್ಟು ಮಲಗುವುದು ಒಂದು ಕಂಬಳಿಗೆ ಸಮ. ಇದರ ಖರ್ಚು ಕೊಳವೆಯದು ಮಾತ್ರ. ಬಿಸಿ ಈಗಾಗಲೇ ಕಬ್ಬಿನ ಸಿಪ್ಪೆಯ ಋಣದಲ್ಲಿ ಸಿದ್ಧವಾಗಿದೆ. ಆ ಕಬ್ಬನ್ನು ಕಡಿದವರ ಕೈಗಳು ಯಾರವು ಎಂಬುದನ್ನು ನೆನಪಿಸಬೇಕಾಗಿಲ್ಲ.

ದಾನದ ಮಾತನ್ನು ಇಲ್ಲಿಗೆ ನಿಲ್ಲಿಸಿ ಹಕ್ಕಿನ ಮಾತಿಗೆ ಬರುವುದು ಯುಕ್ತ. ಚಳಿಯೆಂದರೇನು ಎಂದು ಭಾರತದ ಕಾನೂನು ಒಮ್ಮೆ ಅಂಕಿಯಲ್ಲಿಯೇ ಹೇಳಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಒಂದು ರಾಜ್ಯದಿಂದ ಕರಾರಿನ ಮೇಲೆ ಮತ್ತೊಂದು ರಾಜ್ಯಕ್ಕೆ ಕರೆತಂದ ಕೆಲಸಗಾರರಿಗೆ ಯೋಗ್ಯವಾದ ವಸತಿ, ಉಚಿತ ವೈದ್ಯೋಪಚಾರ ಮತ್ತು ರಕ್ಷಣೆಯ ಉಡುಪನ್ನು ಒದಗಿಸುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತು. ಅವನು ತಪ್ಪಿದರೆ ಆ ಹೊಣೆ ಮೂಲ ಮಾಲೀಕನದು ಎಂದಿತು. ಆ ಕಾಯ್ದೆಯಡಿ ಕೇಂದ್ರ ಸರ್ಕಾರ 1980ರಲ್ಲಿ ಮಾಡಿದ ನಿಯಮಗಳಲ್ಲಿ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವ ಜಾಗದಲ್ಲಿ ಪ್ರತಿ ಕೆಲಸಗಾರನಿಗೆ ಎರಡು ವರ್ಷಕ್ಕೊಮ್ಮೆ ಉಣ್ಣೆಯ ಕೋಟು ಮತ್ತು ಉಣ್ಣೆಯ ಪಾಯಿಜಾಮೆ ಕೊಡಬೇಕೆಂದಿತ್ತು. 5 ಡಿಗ್ರಿಗೂ ಕೆಳಗಾದರೆ ಮೂರು ವರ್ಷಕ್ಕೊಮ್ಮೆ ಮೇಲಂಗಿ ಬೇರೆ. ಕೇಂದ್ರದ ನಿಯಮಗಳು ಕೇಂದ್ರದ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ ಸಂಬಂಧಿಸಿದವು ಎಂಬುದು ನಿಜ. ಆದರೂ 20 ಡಿಗ್ರಿ ಎಂಬ ಆ ಗೆರೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಸಾಂಗಲಿ–ಮಿರಜದ ಮಾಗಿಯ ಪ್ರತಿಯೊಂದು ಇರುಳೂ ಅದರ ಕೆಳಗೇ ಬೀಳುತ್ತದೆ ಎನ್ನಬಹುದು. ಉಣ್ಣೆಯ ಕೋಟು ತೊಟ್ಟು ಕಬ್ಬು ಕಡಿಯುವ ಕೊಯ್ತಾವನ್ನು ಕಂಡವರು ಯಾರು?

ಗಡಿನಾಡಿನ ಓದುಗರಿಗೆ ಇದರೊಳಗಿನ ಸಿಕ್ಕು ಬೇಗ ಹೊಳೆಯುತ್ತದೆ. ಆ ಕಾಯ್ದೆ ಎಣಿಸುತ್ತಿದ್ದುದು ರಾಜ್ಯದ ಗಡಿಯನ್ನು. ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಮಿರಜಕ್ಕೆ ಬಂದವನು ಗಡಿ ದಾಟಿದ್ದಾನೆ. ಆದ್ದರಿಂದ ಅವನು ಆ ಕಾಯ್ದೆಯ ಕಣ್ಣಿಗೆ ವಲಸೆ ಕಾರ್ಮಿಕನಾಗಿದ್ದ. ಅದೇ ಮಾತು, ಅದೇ ಜೋಳದ ರೊಟ್ಟಿ, ಅದೇ ಬರದ ನೆಲದ ಜತ್ತದವನು ಗಡಿ ದಾಟಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾದಾಗ ಅವನ ತಾಲೂಕು ಮುಂಬಯಿ ರಾಜ್ಯದಲ್ಲಿ ಉಳಿಯಿತು; ಬಳಿಕ ಮಹಾರಾಷ್ಟ್ರದ್ದಾಯಿತು. ಬೀಡದಿಂದ ನೂರಾರು ಕಿಲೋಮೀಟರು ಹಾದು ಬಂದ ಮರಾಠಿ ಸಂಸಾರದ ಪಾಡೂ ಇದೇ. ಎಷ್ಟೇ ದೂರ ಬಂದರೂ ಅದು ರಾಜ್ಯದೊಳಗಿನ ಪಯಣ. ಒಂದೇ ಬಯಲಿನಲ್ಲಿ, ಒಂದೇ ಇಬ್ಬನಿಯಡಿ ಮಲಗಿದ ಮೂರು ಕೋಪಿಗಳಲ್ಲಿ ಒಂದಕ್ಕೆ ಮಾತ್ರ ಆ ಕಾಯ್ದೆಯ ಹೊದಿಕೆ ಇತ್ತು, ಅದೂ ಕಾಗದದ ಮೇಲೆ. 1979ರ ಕಾಯ್ದೆಯನ್ನು ತನ್ನಲ್ಲಿ ಅಡಗಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ‘ಅಂತರರಾಜ್ಯ’ ಎಂಬ ಪದವನ್ನು ಬಿಟ್ಟುಕೊಟ್ಟಿಲ್ಲ. ಐವರಿದ್ದರೆ ಸಾಕೆಂದಿದ್ದ ಹಳೆಯ ಎಣಿಕೆಯನ್ನು ಹತ್ತಕ್ಕೆ ಏರಿಸಿದೆ. ಇನ್ನು ಕಡಿಯುವವರು ತಮ್ಮ ಕೆಲಸಗಾರರೇ ಅಲ್ಲ, ಮುಕಾದಮನ ಜನ ಎಂಬುದು ಕಾರ್ಖಾನೆಗಳ ಕಡೆಯಿಂದ ಕೇಳಿಬರುವ ಹಳೆಯ ವಾದ. ಮುಕಾದಮನನ್ನು ಕೇಳಿದರೆ ಆತ ಕಾರ್ಖಾನೆಯತ್ತ ಬೆರಳು ತೋರುತ್ತಾನೆ. ಎರಡು ಬೆರಳುಗಳ ನಡುವೆ ಕೋಪಿ ಚಳಿಯಲ್ಲಿ ನಿಂತಿರುತ್ತದೆ.

ಮಹಾರಾಷ್ಟ್ರ ಸರ್ಕಾರ ಗೋಪಿನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಡಿಯುವವರಿಗಾಗಿ ಕಲ್ಯಾಣ ಮಹಾಮಂಡಳವನ್ನು ಸ್ಥಾಪಿಸಿ, ಅರೆದ ಪ್ರತಿ ಟನ್ ಕಬ್ಬಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ನಿಧಿ ಕೂಡಿಸುವ ಏರ್ಪಾಡು ಮಾಡಿದೆ. ಮಕ್ಕಳು ಊರಲ್ಲೇ ಉಳಿದು ಓದಲು ವಸತಿಗೃಹಗಳ ಯೋಜನೆಯೂ ಬಂದಿದೆ. ಹಾಸ್ಟೆಲಿನಲ್ಲಿ ಮಲಗಿದ ಒಂದು ಮಗುವೆಂದರೆ ಕೋಪಿಯ ಚಳಿಯಿಂದ ಪಾರಾದ ಒಂದು ಮಗು. ಈ ನಿಧಿಯ ಸೊಗಸೆಂದರೆ ಅದು ಗಡಿಯನ್ನು ಎಣಿಸದೆ ಕಬ್ಬಿನ ತೂಕವನ್ನು ಎಣಿಸುತ್ತದೆ. ಕೊಡುವಾಗಲೂ ಹಾಗೆಯೇ ಎಣಿಸಿದರೆ ಬೀಡದ, ಜತ್ತದ, ವಿಜಯಪುರದ ಸಂಸಾರಗಳಿಗೆ ಒಂದೇ ಅಳತೆ ಸಿಕ್ಕೀತು: ಕಡಿದ ಕಬ್ಬು, ಮಲಗಿದ ರಾತ್ರಿ.

ಬೇಕಾದ ವಸ್ತುಗಳ ಪಟ್ಟಿ ದೊಡ್ಡದೇನೂ ಅಲ್ಲ. ಹಂಗಾಮು ಆರಂಭವಾಗುವ ಮೊದಲೇ ನೀರು ನಿಲ್ಲದಂತೆ ಎತ್ತರಿಸಿದ ಒಂದು ಬಯಲು. ಗುಡಿಸಲು ಗುಡಿಸಲಿನ ನಡುವೆ ಬೆಂಕಿ ಹಾರದಷ್ಟು ಅಂತರ. ಮರಳಿನ ನಾಲ್ಕು ಬಕೆಟ್ಟು. ಪ್ರತಿ ಕೊಯ್ತಾಕ್ಕೆ ಎರಡು ಕರಿಕಂಬಳಿ. ಸಂಜೆಗೆ ಬಿಸಿನೀರಿನ ನಲ್ಲಿ. ಮಕ್ಕಳ ತಲೆಗೆ ಒಂದೊಂದು ಕುಲಾವಿ. ಕಂಬಳಿಯನ್ನು ಜತ್ತ–ಆಟಪಾಡಿಯ ನೇಕಾರರಿಂದಲೇ ಕೊಂಡರೆ ನಿಂತುಹೋಗುತ್ತಿರುವ ಮಗ್ಗಗಳಿಗೂ ಒಂದು ಹಂಗಾಮು ದಕ್ಕುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಓಡಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಹೊತ್ತಿಗೆ ಕಬ್ಬೂ ಮುಗಿಯುತ್ತ ಬಂದಿರುತ್ತದೆ. ಗಳಗಳನ್ನು ಬಿಚ್ಚಿ, ತಾಡಪತ್ರಿ ಮಡಿಚಿ, ಕೌದಿಗಳನ್ನು ಬಿಸಿಲಿಗೆ ಹಾಕಿ ಕೊಡವುವ ಕೆಲಸ ಸುರುವಾಗುತ್ತದೆ. ಮುಂದಿನ ವರ್ಷದ ಉಚಲದ ಮಾತುಕತೆಗೆ ಮುಕಾದಮ ಬಂದು ಕೂರುವುದೂ ಆ ಬಳಿಕವೇ. ಆ ಮಾತುಕತೆಯಲ್ಲಿ ಟನ್ನಿನ ದರ ಬರುತ್ತದೆ, ಗಾಡಿಯ ಬಾಡಿಗೆ ಬರುತ್ತದೆ, ಎತ್ತಿನ ಬೆಲೆ ಬರುತ್ತದೆ. ಕಂಬಳಿಯ ಮಾತು ಬರಬೇಕಾದದ್ದೂ ಅಲ್ಲಿಯೇ. ಚಳಿ ಬಂದ ಮೇಲೆ ಆಡಿದರೆ ಅದಕ್ಕೆ ತಡವಾಗಿರುತ್ತದೆ.